ಗಾಡಿಗೆ ಕಡ್ಡಾಯ ಸುರಕ್ಷತೆ ತಪಾಸಣೆ: ನಿಜಕ್ಕೂ ಉಪಯೋಗ ಇದೆಯಾ, ಇಲ್ಲಾ ಬರೀ ಚೀಟಿನಾ?

ಹಳೇಗೇರ್

ಇಷ್ಟು ವರ್ಷಕ್ಕೊಮ್ಮೆ ಗಾಡಿ ತೋರಿಸಿ, ಬ್ರೇಕ್, ಲೈಟ್, ಟೈರ್ ಎಲ್ಲಾ ಸರಿ ಇದೆ ಅಂತ ಸರ್ಟಿಫಿಕೇಟ್ ತರಲೇಬೇಕು ಅನ್ನುವ ಕಾನೂನು ಬಹಳ ದೇಶಗಳಲ್ಲಿದೆ. ಹೊಗೆ ತಪಾಸಣೆ ಬಗ್ಗೆ ನಾನು ಕೇಳುತ್ತಿಲ್ಲ, ಅದು ಬೇರೆ ವಿಷಯ. ಸುರಕ್ಷತೆ ತಪಾಸಣೆ ಬಗ್ಗೆ ಮಾತ್ರ ಕೇಳುತ್ತಿದ್ದೇನೆ.

ಅಮೆರಿಕದ ಟೆಕ್ಸಸ್ ರಾಜ್ಯ 2025ರ ಜನವರಿ 1ರಿಂದ ಖಾಸಗಿ ಕಾರುಗಳಿಗೆ ಇದನ್ನು ತೆಗೆದೇ ಹಾಕಿತು. ನ್ಯೂಜೆರ್ಸಿ 2010ರಲ್ಲೇ ಕೈಬಿಟ್ಟಿತ್ತು. ಇತ್ತ ಜರ್ಮನಿ, ಜಪಾನ್, ಬ್ರಿಟನ್ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿವೆ. ಎರಡೂ ಕಡೆಯವರು ದಡ್ಡರೇನಲ್ಲ. ಹಾಗಾದರೆ ಯಾರ ಲೆಕ್ಕ ಸರಿ?

ನನ್ನ ಅನುಮಾನ ಇಷ್ಟೇ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಮುಂದಿನ ತಪಾಸಣೆವರೆಗೂ ಟೈರ್ ಕಡೆ ತಿರುಗಿಯೂ ನೋಡದವರೇ ಜಾಸ್ತಿ. ಕಾಗದ ಇದೆಯಲ್ಲ, ಇನ್ನೇನು ಅನ್ನುವ ಧೈರ್ಯ. ಇದರಿಂದ ಅಪಘಾತ ಕಮ್ಮಿ ಆಗಿದೆ ಅನ್ನೋದಕ್ಕೆ ಯಾರ ಹತ್ತಿರವಾದರೂ ಪುರಾವೆ ಇದೆಯಾ? "ಇದ್ದರೆ ಒಳ್ಳೇದಲ್ವಾ" ಅನ್ನುವ ಉತ್ತರ ಬೇಡ.

ಗ್ರೀಸ್‌ಕೈ

ನಾನು ಗ್ಯಾರೇಜ್ ಕೆಲಸದವನು, ಸ್ವಲ್ಪ ಪಕ್ಷಪಾತ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಪುರಾವೆ ನನಗೆ ಗೊತ್ತಿಲ್ಲ. ಗಾಡಿ ಮೇಲೆತ್ತಿದರೆ ಏನು ಕಾಣುತ್ತದೆ ಅನ್ನೋದು ಗೊತ್ತು. ಹೊರಗಿನಿಂದ ನೋಡಿದರೆ ಟೈರ್ ಚೆನ್ನಾಗಿಯೇ ಇರುತ್ತದೆ. ಒಳಗಿನ ಅಂಚು ಮಾತ್ರ ಅಲೈನ್‌ಮೆಂಟ್ ತಪ್ಪಿ, ನೂಲು ಕಾಣುವಷ್ಟು ಸವೆದಿರುತ್ತದೆ. ಪಕ್ಕದಲ್ಲಿ ನಿಂತು ನೋಡುವ ಓನರ್‌ಗೆ ಅದು ಯಾವತ್ತೂ ಕಾಣಲ್ಲ. ಚಕ್ರ ತಿರುಗಿಸುವ ಸ್ಟೇರಿಂಗ್ ಕೀಲು (ಟೈ ರಾಡ್ ಎಂಡ್) ಅಲ್ಲಾಡುತ್ತಿರುತ್ತದೆ, ಚಕ್ರ ಹಿಡಿದಿಡುವ ಕೀಲಿನ (ಬಾಲ್ ಜಾಯಿಂಟ್) ರಬ್ಬರ್ ಹರಿದು ಒಳಗೆ ಮಣ್ಣು ತುಂಬಿರುತ್ತದೆ. ಕೇಳಿದರೆ "ಸ್ಟೇರಿಂಗ್ ಮೊದಲಿನಿಂದಲೂ ಹಾಗೇ ಇದೆ" ಅನ್ನುತ್ತಾರೆ. ಮೊದಲಿನಿಂದ ಹಾಗಿರಲಿಲ್ಲ ಸ್ವಾಮಿ, ನಿಧಾನಕ್ಕೆ ಹಾಳಾಯಿತು, ಕೈ ಅದಕ್ಕೆ ಒಗ್ಗಿಕೊಂಡಿತು ಅಷ್ಟೇ. ಇದೇ ನನ್ನ ಪ್ರಕಾರ ತಪಾಸಣೆಯ ದೊಡ್ಡ ಲಾಭ. ದಿನಾ ಓಡಿಸುವವನಿಗೆ ತನ್ನ ಗಾಡಿಯ ಹುಳುಕು ಗೊತ್ತಾಗಲ್ಲ, ಬೇರೆಯವನು ಕೂತರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ಬ್ರೇಕ್ ಆಯಿಲ್ ಕಥೆ ಇನ್ನೂ ಮಜಾ. ಅದು ಗಾಳಿಯಲ್ಲಿರುವ ನೀರು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ನೀರು ಸೇರಿದ ಮೇಲೆ ಅದೇ ಅಳತೆ 155 ಡಿಗ್ರಿಗೆ ಇಳಿಯುತ್ತದೆ. ಸಾಮಾನ್ಯ ಓಡಾಟದಲ್ಲಿ ಏನೂ ಗೊತ್ತಾಗಲ್ಲ. ಉದ್ದದ ಇಳಿಜಾರಿನಲ್ಲಿ ಲೋಡ್ ಹಾಕಿಕೊಂಡು ಒಂದೇ ಸಮ ಬ್ರೇಕ್ ಒತ್ತಿದಾಗ ಒಳಗೆ ಕುದಿದು ಆವಿ ಆಗುತ್ತದೆ, ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗಿಬಿಡುತ್ತದೆ.

ಸಿಂಪಲ್‌ಮನುಷ್ಯ

ಗ್ರೀಸ್‌ಕೈ ಅಣ್ಣ, ಎಲ್ಲಾ ಒಪ್ಪಿದೆ. ಆದರೆ ಇದು ಮೆಕಾನಿಕ್ ಹತ್ತಿರ ಗಾಡಿ ತೋರಿಸಿ ಅನ್ನೋದಕ್ಕೆ ಕಾರಣ ಆಯಿತು, ಸರ್ಕಾರ ಕಡ್ಡಾಯ ಮಾಡಬೇಕು ಅನ್ನೋದಕ್ಕೆ ಆಗಲಿಲ್ಲ. ನಾನು ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸುವವನು. ನನಗೆ ಇನ್ನೊಂದು ಸರ್ಟಿಫಿಕೇಟ್ ಯಾಕೆ? ಒಂದು ದಿನದ ಕೆಲಸ ಹಾಳು, ಫೀಸು ಬೇರೆ. ಮಾಡಿಸದೆ ಓಡಾಡುವವನು ತಪಾಸಣೆಗೂ ಬರಲ್ಲ. ಅಂದರೆ ಸರಿ ಇರುವವರನ್ನೇ ಮತ್ತೆ ಮತ್ತೆ ಪರೀಕ್ಷೆ ಮಾಡುವ ವ್ಯವಸ್ಥೆ ಇದು.

ಇನ್ನೊಂದು, ಟೆಕ್ಸಸ್ ವಿಷಯ ಪೂರ್ತಿ ಹೇಳಿ. ತಪಾಸಣೆ ತೆಗೆದರು, ಶುಲ್ಕ ಮಾತ್ರ ತೆಗೆಯಲಿಲ್ಲ. "ತಪಾಸಣೆಯ ಬದಲಿ ಶುಲ್ಕ" ಅಂತ ಹೆಸರಿಟ್ಟು ರಿಜಿಸ್ಟ್ರೇಷನ್ ಜೊತೆಗೇ ವಸೂಲಿ ಮಾಡುತ್ತಾರೆ. ಇದರ ಮೇಲೆ ಸರ್ಕಾರಕ್ಕೆ ಯಾವುದರ ಚಿಂತೆ ಇತ್ತು ಅಂತ ನೀವೇ ಅರ್ಥ ಮಾಡಿಕೊಳ್ಳಿ.

ಅಂಕಿಪ್ರಿಯ

ಪುರಾವೆ ಕೇಳಿದಿರಲ್ಲ, ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಈ ವಿಷಯದಲ್ಲಿ ಎಲ್ಲರೂ ಹೇಳುವುದು ನಾರ್ವೆಯ ಪ್ರಯೋಗ. ಫೋಸರ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದರು. 2 ಲಕ್ಷ 4 ಸಾವಿರ ಕಾರುಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ವರ್ಷ ಪ್ರತಿ ವರ್ಷ ತಪಾಸಣೆ, ಇನ್ನೊಂದಕ್ಕೆ ಮೂರು ವರ್ಷದಲ್ಲಿ ಒಂದೇ ಸಲ, ಮೂರನೆಯದಕ್ಕೆ ತಪಾಸಣೆಯೇ ಇಲ್ಲ. ಆಮೇಲೆ ಅಪಘಾತ ಎಣಿಸಿದರು. ತಪಾಸಣೆ ಆದ ಕಾರುಗಳ ಸ್ಥಿತಿ ಸುಧಾರಿಸಿತ್ತು, ಅದು ನಿಜ. ಅಪಘಾತದಲ್ಲಿ ಮಾತ್ರ ಮೂರೂ ಗುಂಪಿಗೆ ವ್ಯತ್ಯಾಸ ಸಿಗಲಿಲ್ಲ. 2007ರಲ್ಲಿ ನಾರ್ವೆಯವರೇ ಆದ ಕ್ರಿಸ್ಟೆನ್ಸನ್ ಮತ್ತು ಎಲ್ವಿಕ್ ಬೇರೆ ರೀತಿ ಲೆಕ್ಕ ಹಾಕಿದರು, ಹೆಚ್ಚುಕಮ್ಮಿ ಅದೇ ಉತ್ತರ ಬಂತು.

ಎರಡನೆಯದು ನ್ಯೂಜಿಲೆಂಡ್. ಅಲ್ಲಿ ಒಂದು ಕಾಲದಲ್ಲಿ ಆರು ವರ್ಷ ದಾಟಿದ ಗಾಡಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಇತ್ತು. ಕೀಲ್ ಮತ್ತು ನ್ಯೂಸ್ಟೆಡ್ 2013ರಲ್ಲಿ ಇದನ್ನು ವರ್ಷಕ್ಕೊಮ್ಮೆ ಆಗುವ ತಪಾಸಣೆ ಜೊತೆ ಹೋಲಿಸಿದರು. ಗಾಯವಾಗುವ ಅಪಘಾತ ಸುಮಾರು ಶೇ. 8ರಷ್ಟು ಕಮ್ಮಿ ಕಂಡಿತು. ಆದರೆ ಆ 8ರ ಸುತ್ತ ಅನಿಶ್ಚಿತತೆ ಬಹಳ. ಹೆಚ್ಚುಕಮ್ಮಿ ಸೊನ್ನೆಯಿಂದ 15ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಜನ ಕಳೆಯುವ ಹಣ, ಸಮಯ ನೋಡಿದರೆ ಆರು ತಿಂಗಳ ಪದ್ಧತಿ ಗಿಟ್ಟಲ್ಲ ಅನ್ನುವ ಕಡೆಗೇ ಲೆಕ್ಕ ವಾಲಿತು. 2014ರಿಂದ ಅವರು ಹೊಸ ಕಾರಿಗೆ ಮೊದಲ ಮೂರು ವರ್ಷ ಬಿಡುವು ಕೊಟ್ಟು, 2000ದಿಂದ ಈಚೆಗೆ ನೋಂದಣಿಯಾದ ಕಾರುಗಳಿಗೆ ವರ್ಷಕ್ಕೊಮ್ಮೆ ಅಂತ ಸಡಿಲ ಮಾಡಿದರು.

ಮೂರನೆಯದು ಅಮೆರಿಕದ ರಸ್ತೆ ಸುರಕ್ಷತೆ ಸಂಸ್ಥೆ 2005ರಿಂದ 2007ರವರೆಗೆ ಮಾಡಿದ ಸಮೀಕ್ಷೆ. ಅಪಘಾತಕ್ಕೆ ಕೊನೇ ಕ್ಷಣದ ಕಾರಣ ಏನು ಅಂತ ನೋಡಿದಾಗ ಶೇ. 94ರಲ್ಲಿ ಚಾಲಕ, ಶೇ. 2ರಲ್ಲಿ ಮಾತ್ರ ಗಾಡಿ. ಆ 2ರಲ್ಲಿ ಸುಮಾರು ಮೂರನೇ ಒಂದು ಭಾಗ ಟೈರ್, ಐದನೇ ಒಂದು ಭಾಗ ಬ್ರೇಕ್.

ಹೀಗಿದೆ ಪರಿಸ್ಥಿತಿ. ತಪಾಸಣೆ ಗಾಡಿಯನ್ನು ಸರಿ ಮಾಡುತ್ತದೆ. ಅಪಘಾತ ತಡೆಯುತ್ತದೆ ಅನ್ನೋದಕ್ಕೆ ಪುರಾವೆ ತೆಳು.

ಹಳೇಗೇರ್

ಇದೇ ಬೇಕಿತ್ತು ನನಗೆ. ಶೇ. 2 ಅಂದ ಮೇಲೆ ಇನ್ನೇನು ಚರ್ಚೆ? ಆ ದುಡ್ಡಲ್ಲಿ ರಸ್ತೆ ಗುಂಡಿ ಮುಚ್ಚಬಹುದು.

ಟೆಸ್ಟ್‌ಲೇನ್

ಅಷ್ಟು ಬೇಗ ಬಾಗಿಲು ಹಾಕಬೇಡಿ. ಹಿಂದೆ ತಪಾಸಣೆ ಕೇಂದ್ರದಲ್ಲಿ ಕೆಲಸ ಮಾಡಿದವನಾಗಿ ಆ 2ರ ಬಗ್ಗೆ ಒಂದು ಮಾತು ಹೇಳಲೇಬೇಕು.

ಆ ಸಮೀಕ್ಷೆಯವರು ಅಪಘಾತದ ಜಾಗದಲ್ಲಿ ಗಾಡಿಯನ್ನು ಬಹುತೇಕ ಹೊರಗಿನಿಂದ ಕಣ್ಣಲ್ಲಿ ನೋಡಿ ಬರೆದುಕೊಂಡದ್ದು. ಟೈರ್ ಹರಿದಿದ್ದರೆ ಕಾಣುತ್ತದೆ. ಒಳಗಿನ ಪ್ಯಾಡ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು ಅನ್ನೋದು ಕಾಣಲ್ಲ. ಹಾಗಾಗಿ ಟೈರಿನ ಪಾಲು ಜಾಸ್ತಿ ಕಾಣೋದರಲ್ಲಿ ಆಶ್ಚರ್ಯ ಇಲ್ಲ. ಜೊತೆಗೆ "ಕೊನೇ ಕ್ಷಣದ ಕಾರಣ" ಅಂದರೆ ಒಂದೇ ಒಂದು ಕಾರಣ ಬರೆಯಬೇಕು. ಚಾಲಕ ಒಂದು ಕ್ಷಣ ತಡವಾಗಿ ಬ್ರೇಕ್ ಒತ್ತಿದ, ಟೈರ್ ಬೋಳಾಗಿದ್ದರಿಂದ ಒದ್ದೆ ರಸ್ತೆಯಲ್ಲಿ ಇನ್ನೂ ಹತ್ತು ಮೀಟರ್ ಜಾರಿದ ಅಂತಿಟ್ಟುಕೊಳ್ಳಿ. ಪಟ್ಟಿಯಲ್ಲಿ ಅದು ಚಾಲಕನ ತಪ್ಪು ಅಂತ ಬೀಳುತ್ತದೆ. ಒಳ್ಳೇ ಟೈರ್ ಇದ್ದಿದ್ದರೆ ಗುದ್ದುತ್ತಲೇ ಇರಲಿಲ್ಲ.

ಟೈರ್ ಬಟನ್, ಅಂದರೆ ಮೇಲ್ಮೈಯ ಗೀರುಗಳ ಆಳ ಕಾರಿಗೆ 1.6 ಮಿಲಿಮೀಟರ್ ಇರಲೇಬೇಕು ಅನ್ನೋದು ಬಹಳ ದೇಶಗಳ ನಿಯಮ. ಒಣ ರಸ್ತೆಯಲ್ಲಿ 1.6 ಆದರೂ ನಡೆಯುತ್ತದೆ. ಮಳೆಯಲ್ಲಿ 3 ಮಿಲಿಮೀಟರಿಗಿಂತ ಕೆಳಗೆ ಇಳಿದಾಗಲೇ ನೀರು ಹೊರಗೆ ತಳ್ಳುವ ಶಕ್ತಿ ಕಮ್ಮಿ ಆಗುತ್ತಾ ಬರುತ್ತದೆ.

ಅಂಕಿಪ್ರಿಯ

ಟೆಸ್ಟ್‌ಲೇನ್ ಸರ್ ಹೇಳಿದ್ದು ನ್ಯಾಯ. ಆ ಸಂಸ್ಥೆಯವರೇ ತಮ್ಮ ವರದಿಯಲ್ಲಿ ಹೇಳಿದ್ದಾರೆ, ಇದನ್ನು ಯಾರ ತಪ್ಪು ಅಂತ ಓದಬೇಡಿ ಅಂತ. ಜನ ಮಾತ್ರ ಹಾಗೇ ಓದಿದರು.

ನಾರ್ವೆ ಲೆಕ್ಕಕ್ಕೂ ಒಂದು ಮಿತಿ ಇದೆ. ಸುಮ್ನೆ ಉದಾಹರಣೆಗೆ ಹೇಳುತ್ತೇನೆ, 100 ಅಪಘಾತದಲ್ಲಿ 4ಕ್ಕೆ ಗಾಡಿಯ ದೋಷ ಕಾರಣ ಅಂದುಕೊಳ್ಳಿ. ತಪಾಸಣೆ ಅದರಲ್ಲಿ ಅರ್ಧ ತಡೆದರೂ 100 ಇದ್ದದ್ದು 98 ಆಗುತ್ತದೆ. ಅಪಘಾತದ ಸಂಖ್ಯೆ ಹವಾಮಾನಕ್ಕೋ ಓಡಾಟಕ್ಕೋ ತಾನಾಗಿಯೇ ಅಷ್ಟು ಏರಿಳಿಯುತ್ತಿರುತ್ತದೆ. ಅದರ ನಡುವೆ ಈ 2 ಹುಡುಕುವುದು ಲಕ್ಷಾಂತರ ಕಾರು ಇಟ್ಟುಕೊಂಡರೂ ಕಷ್ಟ. ಹಾಗಾಗಿ "ಪರಿಣಾಮ ಸಿಗಲಿಲ್ಲ" ಅನ್ನೋದನ್ನ "ಪರಿಣಾಮವೇ ಇಲ್ಲ" ಅಂತ ಓದಬಾರದು. ಪರಿಣಾಮ ದೊಡ್ಡದಲ್ಲ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು.

ಇನ್ನೊಂದು ಸಾಧ್ಯತೆಯೂ ಇದೆ. ಗಾಡಿ ಚೆನ್ನಾಗಿದೆ ಅಂತ ಗೊತ್ತಾದರೆ ಜನ ಜೋರಾಗಿ ಓಡಿಸುತ್ತಾರೆ. 1980ರ ದಶಕದಲ್ಲಿ ಮ್ಯೂನಿಕ್‌ನ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದ ವ್ಯವಸ್ಥೆ) ಹಾಕಿ, ಕೆಲವಕ್ಕೆ ಹಾಕದೆ ನೋಡಿದರು. ಎಬಿಎಸ್ ಇದ್ದ ಟ್ಯಾಕ್ಸಿಗಳ ಅಪಘಾತ ಕಮ್ಮಿ ಆಗಲಿಲ್ಲ. ಡ್ರೈವರ್‌ಗಳು ಬ್ರೇಕ್ ನಂಬಿಕೊಂಡು ಇನ್ನೂ ಒರಟಾಗಿ ಓಡಿಸಿದ್ದರು.

ಎರಡುಚಕ್ರ

ನಿಮ್ಮ ಲೆಕ್ಕದ ನಡುವೆ ಬೈಕಿನವರನ್ನೂ ಸ್ವಲ್ಪ ನೋಡಿ. ಸಿಂಪಲ್‌ಮನುಷ್ಯ ಅವರೇ, ನಿಮ್ಮ ಕಾರಿನ ಬ್ರೇಕ್ ನಿಮ್ಮ ಸ್ವಂತ ವಿಷಯ ಅಂತ ಹೇಗೆ ಹೇಳುತ್ತೀರಿ? ನಿಮ್ಮ ಮುಂದೆ ನಿಂತಿರೋದು ನಾನು. ಬ್ರೇಕ್ ಹಿಡಿಯದಿದ್ದರೆ ನಿಮಗೆ ಬಂಪರ್ ಹೋಗುತ್ತದೆ, ನನಗೆ ಕಾಲು ಹೋಗುತ್ತದೆ.

ಮುಂದಿನ ಗಾಡಿಯ ಬ್ರೇಕ್ ಲೈಟ್ ಹತ್ತದಿದ್ದರೆ ಅದು ಆ ಓನರ್‌ಗೆ ಗೊತ್ತೇ ಆಗಲ್ಲ, ಹಿಂದೆ ಇರುವವನಿಗೇ ಗೊತ್ತಾಗೋದು. ಹೆಡ್‌ಲೈಟ್ ಮೇಲಕ್ಕೆ ತಿರುಗಿದ್ದರೆ ಅವನಿಗೆ ರಸ್ತೆ ಚೆನ್ನಾಗಿ ಕಾಣುತ್ತದೆ, ಎದುರು ಬರುವವನಿಗೆ ಕಣ್ಣು ಕುರುಡು. ಇಂಥ ದೋಷ ತಾನಾಗಿ ಯಾರೂ ಸರಿ ಮಾಡಿಸಲ್ಲ, ತೊಂದರೆ ಆಗುತ್ತಿರೋದು ಬೇರೆಯವರಿಗೆ ಅಲ್ವಾ. ಬ್ರಿಟನ್ನಿನಲ್ಲಿ ಜಾಸ್ತಿ ಗಾಡಿ ಫೇಲ್ ಆಗೋ ಕಾರಣಗಳಲ್ಲಿ ಲೈಟು, ಇಂಡಿಕೇಟರ್ ಯಾವತ್ತೂ ಮೇಲಿನ ಸಾಲಲ್ಲೇ ಇರುತ್ತದೆ.

ಸಿಂಪಲ್‌ಮನುಷ್ಯ

ಬ್ರೇಕ್ ಲೈಟ್ ವಿಷಯ ಒಪ್ಪುತ್ತೇನೆ ಮಾರಾಯ್ರೇ. ಆದರೆ ಬಲ್ಬ್ ಸುಟ್ಟುಹೋಗೋದು ಯಾವ ದಿನ ಬೇಕಾದರೂ ಆಗಬಹುದು. ತಪಾಸಣೆ ಮುಗಿದ ಮಾರನೇ ದಿನ ಸುಟ್ಟರೆ ಇನ್ನೊಂದು ವರ್ಷ ಹಾಗೇ ಓಡಿಸುತ್ತಾನೆ. ಇದಕ್ಕೆ ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿ "ಲೈಟ್ ಹತ್ತುತ್ತಿಲ್ಲ, ಇವತ್ತೇ ಹಾಕಿಸಿ" ಅನ್ನೋದೇ ಸರಿಯಾದ ಮದ್ದು.

ರಾತ್ರಿಪಾಳಿ

ಕಾರಿನವರೇ ಮಾತಾಡ್ತಾ ಇದ್ದೀರಿ, ಲಾರಿ ವಿಷಯ ಯಾರೂ ಎತ್ತಲಿಲ್ಲ. ನಾನು ದೊಡ್ಡ ಗಾಡಿ ಓಡಿಸುವವನು.

ನಮ್ಮ ಲೈನಿನಲ್ಲಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ದಿನ ಅಂದರೆ ಒಂದು ನಾಟಕ. ಆ ದಿನಕ್ಕೆ ಒಳ್ಳೇ ಟೈರ್ ಎಲ್ಲಿಂದಲೋ ಬರುತ್ತದೆ, ಮುಗಿದ ಮೇಲೆ ವಾಪಸ್ ಹೋಗುತ್ತದೆ. ರಿಫ್ಲೆಕ್ಟರ್ ಪಟ್ಟಿ ಹೊಸದು, ಬಣ್ಣ ಹೊಸದು, ವೈಪರ್ ಕೂಡ ಹೊಸದು. ಪರೀಕ್ಷೆ ಹಿಂದಿನ ರಾತ್ರಿ ಕಣ್ಣುಮುಚ್ಚಿ ಬಾಯಿಪಾಠ ಮಾಡಿ ಪಾಸಾದ ಹುಡುಗನ ಹಾಗೆ ನಮ್ಮ ಗಾಡಿ, ಮಾರನೇ ದಿನ ಏನೂ ನೆನಪಿರಲ್ಲ. ಅದಕ್ಕೂ ಮೇಲೆ ಓವರ್‌ಲೋಡ್. ಖಾಲಿ ಗಾಡಿಯ ಬ್ರೇಕ್ ಚೆಕ್ ಮಾಡಿ ಪಾಸ್ ಅಂದರೆ, ಡಬಲ್ ಲೋಡ್ ಹಾಕಿಕೊಂಡು ಘಾಟಿ ಇಳಿಯುವಾಗ ಆ ಪಾಸ್‌ಗೆ ಏನು ಬೆಲೆ?

ಆದರೂ ನಾನು ತಪಾಸಣೆ ಬೇಕು ಅನ್ನುವವನೇ. ಯಾಕೆ ಗೊತ್ತಾ? ಕಾರಿನಲ್ಲಿ ಓಡಿಸುವವನೇ ಓನರ್. ಬ್ರೇಕ್ ಹಿಡಿಯದಿದ್ದರೆ ಅವನ ಜೀವಕ್ಕೇ ಭಯ, ಮಾಡಿಸುತ್ತಾನೆ. ಲಾರಿ, ಬಸ್, ಟ್ಯಾಕ್ಸಿಯಲ್ಲಿ ಓಡಿಸುವವನು ಒಬ್ಬ, ಖರ್ಚು ಮಾಡುವವನು ಇನ್ನೊಬ್ಬ. ನಾನು ಬ್ರೇಕ್ ಲೈನರ್ ಸವೆದು ಮುಗಿದಿದೆ ಅಂತ ಹೇಳಿದರೆ "ಈ ಟ್ರಿಪ್ ಮುಗಿಸಿ ಬಾ, ನೋಡೋಣ" ಅನ್ನುತ್ತಾರೆ. ಆ "ನೋಡೋಣ" ಮುಗಿಯೋದೇ ಇಲ್ಲ. ಕಾನೂನಿನ ಒಂದು ದಿನ ಇಲ್ಲದಿದ್ದರೆ ಆ ಲೈನರ್ ಬದಲಾಗುವುದೇ ಇಲ್ಲ. ನಾಟಕದ ದಿನವಾದರೂ ಲೈನರ್ ಬದಲಾದರೆ ಅದನ್ನು ಬಿಚ್ಚಿ ವಾಪಸ್ ಕೊಡೋಕಾಗಲ್ಲ. ಟೈರ್ ಮಾತ್ರ ಕೊಡಬಹುದು.

ಟೆಸ್ಟ್‌ಲೇನ್

ರಾತ್ರಿಪಾಳಿ ಅವರ ಮಾತಿನಲ್ಲಿ ದೊಡ್ಡ ವಿಷಯ ಇದೆ. ಬಹಳ ದೇಶಗಳ ಕಾನೂನು ಇದೇ ಭೇದ ಮಾಡುತ್ತದೆ. ಭಾರತದಲ್ಲೇ ನೋಡಿ, ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಸ್ವಂತ ಕಾರಿಗೆ 15 ವರ್ಷ ಯಾರೂ ಕೇಳಲ್ಲ, ನಂತರ ಐದು ವರ್ಷಕ್ಕೊಮ್ಮೆ. ಟೆಕ್ಸಸ್ ಕೂಡ ವ್ಯಾಪಾರಿ ವಾಹನಗಳ ತಪಾಸಣೆ ಬಿಟ್ಟಿಲ್ಲ. ಯುರೋಪ್ ಒಕ್ಕೂಟದ 2014ರ ನಿಯಮದಲ್ಲಿ ಕಾರಿಗೆ ನಾಲ್ಕು ವರ್ಷಕ್ಕೆ ಮೊದಲ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ, ಅದು ಕನಿಷ್ಠ. ಲಾರಿ, ಬಸ್, ಟ್ಯಾಕ್ಸಿಗೆ ವರ್ಷಕ್ಕೊಮ್ಮೆ. ಇದರ ಮೇಲೆ ರಸ್ತೆ ಬದಿಯಲ್ಲೇ ದೊಡ್ಡ ಗಾಡಿಗಳನ್ನು ನಿಲ್ಲಿಸಿ ನೋಡಬೇಕು, ಒಟ್ಟು ನೋಂದಣಿಯಾದ ಗಾಡಿಗಳ ಶೇ. 5ರಷ್ಟನ್ನಾದರೂ ವರ್ಷದಲ್ಲಿ ನೋಡಬೇಕು ಅಂತ ಗುರಿ ಇಟ್ಟಿದ್ದಾರೆ. ತಪಾಸಣೆ ದಿನದ ನಾಟಕಕ್ಕೆ ನನಗೆ ಗೊತ್ತಿರುವ ಉತ್ತರ ಅದೊಂದೇ. ದಿನ ಮೊದಲೇ ಗೊತ್ತಿರಬಾರದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನೀವೆಲ್ಲಾ ತಪಾಸಣೆ ಬೇಕಾ ಬೇಡವಾ ಅಂತ ಕೇಳುತ್ತಿದ್ದೀರಿ. ಯಾರು ಮಾಡುತ್ತಾರೆ ಅನ್ನೋದನ್ನ ಯಾರೂ ಕೇಳಲಿಲ್ಲ. ನನ್ನ ಅನುಭವದಲ್ಲಿ ಎಲ್ಲಾ ನಿಂತಿರೋದು ಅದರ ಮೇಲೆ.

ಜರ್ಮನಿಯಲ್ಲಿ ಟ್ಯೂಫ್, ಡೆಕ್ರಾ ಥರದ ಸಂಸ್ಥೆಗಳು ತಪಾಸಣೆ ಮಾಡುತ್ತವೆ. ರಿಪೇರಿ ಅವರ ಕೆಲಸ ಅಲ್ಲ. ನಿಮ್ಮ ಗಾಡಿ ಫೇಲ್ ಆದರೂ ಆ ಇನ್‌ಸ್ಪೆಕ್ಟರ್‌ಗೆ ಪ್ಯಾಡ್ ಮಾರಿ ಲಾಭ ಮಾಡುವ ದಾರಿ ಇಲ್ಲ. ಬ್ರಿಟನ್ನಿನಲ್ಲಿ ಎಂಒಟಿ ಅನ್ನುವ ಕಡ್ಡಾಯ ಪರೀಕ್ಷೆ ಮಾಡೋದು ಬಹುತೇಕ ಸಾಮಾನ್ಯ ಗ್ಯಾರೇಜುಗಳು, ಅಲ್ಲೇ ರಿಪೇರಿಯೂ ಮಾಡುತ್ತಾರೆ. ಹೀಗಿದ್ದಾಗ ಎರಡು ಥರದ ತಪ್ಪು ಆಗಬಹುದು. ಬೇಡದ ರಿಪೇರಿ ತಲೆಗೆ ಕಟ್ಟಬಹುದು, ಇಲ್ಲಾ ಖಾಯಂ ಗಿರಾಕಿ ಬೇಜಾರಾಗಬಾರದು ಅಂತ ಕಣ್ಣು ಮುಚ್ಚಿ ಪಾಸ್ ಮಾಡಬಹುದು. ಎರಡನೆಯದೇ ಜಾಸ್ತಿ ಅಪಾಯ. ಅದಕ್ಕೇ ಬ್ರಿಟನ್ ಸರ್ಕಾರ ಗುಟ್ಟಾಗಿ ಗಿರಾಕಿಯ ಹಾಗೆ ಗಾಡಿ ಕಳಿಸಿ ಗ್ಯಾರೇಜುಗಳನ್ನೇ ಪರೀಕ್ಷೆ ಮಾಡುತ್ತದೆ.

ಬ್ರೇಕ್ ಚೆಕ್ ಮಾಡೋ ವಿಧಾನದಲ್ಲೂ ಇದೇ ಕಥೆ. ರೋಲರ್ ಮೇಲೆ ಚಕ್ರ ನಿಲ್ಲಿಸಿದರೆ ಪ್ರತಿ ಚಕ್ರದ ಹಿಡಿತ ಅಂಕಿಯಲ್ಲಿ ಬರುತ್ತದೆ, ಎಡ ಬಲ ವ್ಯತ್ಯಾಸವೂ ಗೊತ್ತಾಗುತ್ತದೆ. ಎಡಗಡೆ ಹಿಡಿದು ಬಲಗಡೆ ಹಿಡಿಯದಿದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಇದನ್ನು ಅಂದಾಜಿನಲ್ಲಿ "ಹೂಂ, ಹಿಡೀತಿದೆ" ಅಂತ ಬರೆಯುವ ಕಡೆ ತಪಾಸಣೆ ನಿಜಕ್ಕೂ ಬರೀ ಚೀಟಿಯೇ. ಹಳೇಗೇರ್ ಅವರ ಅನುಮಾನ ಅಲ್ಲಿ ನೂರಕ್ಕೆ ನೂರು ಸರಿ.

ಹಳೇಗೇರ್

ಸರ್, ಯಂತ್ರ ಇಟ್ಟರೂ ಯಂತ್ರದ ಮುಂದೆ ಕೂತಿರೋದು ಮನುಷ್ಯನೇ ಅಲ್ವಾ?

ಟೆಸ್ಟ್‌ಲೇನ್

ಹೌದು. ಆದರೆ ಅಂಕಿ ನೇರ ಸರ್ವರ್‌ಗೆ ಹೋದರೆ, ಗಾಡಿ ಬಾರದೆ ಸರ್ಟಿಫಿಕೇಟ್ ಕೊಡೋದು ಕಷ್ಟ ಆಗುತ್ತದೆ. ಅಸಾಧ್ಯ ಅಂತ ಹೇಳಲ್ಲ. ದಿನಕ್ಕೆ ಇಷ್ಟೇ ಗಾಡಿ ಮಾಡೋಕಾಗೋದು ಅನ್ನುವ ಕಡೆ ಅದರ ಮೂರು ಪಟ್ಟು ಪಾಸ್ ಆದರೆ ದಾಖಲೆ ನೋಡಿದವರಿಗೆ ಗೊತ್ತಾಗುತ್ತದೆ, ನೋಡುವವರು ಇದ್ದರೆ.

ಸೆಕೆಂಡ್‌ಓನರ್

ನಾನು ಯಾವತ್ತೂ ಹೊಸ ಕಾರು ತಗೊಂಡವನಲ್ಲ. ನನಗೆ ತಪಾಸಣೆಯ ದೊಡ್ಡ ಉಪಯೋಗ ಅಪಘಾತ ತಡೆಯೋದೇ ಅಲ್ಲ, ದಾಖಲೆ. ಬ್ರಿಟನ್ನಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಯಾವ ಕಾರಿನ ಹಳೇ ಎಂಒಟಿ ದಾಖಲೆ ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಯಾವ ವರ್ಷ ಫೇಲ್ ಆಯಿತು, ಯಾಕೆ, ಆ ದಿನ ಮೀಟರ್ ಎಷ್ಟಿತ್ತು, ಎಲ್ಲಾ. ಮಾರುವವನು "ಒಂದೇ ಕೈ, ಕಮ್ಮಿ ಓಡಿದೆ" ಅಂತ ಎಷ್ಟು ಬೇಕಾದರೂ ಹೇಳಲಿ. ಹೋದ ಸಲಕ್ಕಿಂತ ಈ ಸಲ ಮೀಟರ್ ಕಮ್ಮಿ ತೋರಿಸಿದರೆ ಕಥೆ ಮುಗಿಯಿತು. ಇದೊಂದಕ್ಕೇ ನಾನು ಫೀಸು ಕಟ್ಟೋಕೆ ತಯಾರು.

ಒಂದು ಎಚ್ಚರಿಕೆ. ಎಂಒಟಿ ಪಾಸ್ ಅಂದರೆ ಗಾಡಿ ಚೆನ್ನಾಗಿದೆ ಅಂತಲ್ಲ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಸ್ಥಿತಿ ಅದರಲ್ಲಿ ಬರೋದೇ ಇಲ್ಲ. ಪಾಸ್ ಆದ ಗಾಡಿಯ ಕ್ಲಚ್ ಮಾರನೇ ವಾರ ಹೋಗಬಹುದು.

ಬಾನೆಟ್‌ಒಳಗೆ

ದಾಖಲೆ ಜೊತೆ ಇನ್ನೊಂದು ಸೇರಿಸುತ್ತೇನೆ: ರೀಕಾಲ್, ಅಂದರೆ ದೋಷ ಇರುವ ಗಾಡಿಯನ್ನು ಕಂಪನಿಯೇ ವಾಪಸ್ ಕರೆದು ಸರಿ ಮಾಡೋದು. ಟಕಾಟಾ ಏರ್‌ಬ್ಯಾಗ್ ನೆನಪಿದೆ ತಾನೆ, ಸ್ಫೋಟವಾದಾಗ ಲೋಹದ ಚೂರು ಹಾರಿ ಜನ ಸತ್ತದ್ದು. ಕಂಪನಿಗಳು ಪುಕ್ಕಟೆ ಬದಲಿಸಿಕೊಡುತ್ತೇವೆ ಅಂತ ಪತ್ರ ಕಳಿಸಿದರೂ ಎಷ್ಟೋ ಜನ ಹೋಗಲೇ ಇಲ್ಲ. ಜಪಾನ್ ಏನು ಮಾಡಿತು ಗೊತ್ತಾ? 2018ರಿಂದ ಅಪಾಯದ ಪಟ್ಟಿಯಲ್ಲಿರುವ ಏರ್‌ಬ್ಯಾಗ್ ಬದಲಿಸದ ಕಾರುಗಳಿಗೆ ತಪಾಸಣೆಯಲ್ಲಿ ಪಾಸ್ ಕೊಡೋದನ್ನೇ ನಿಲ್ಲಿಸಿತು. ಅಲ್ಲಿ ಆ ತಪಾಸಣೆಗೆ ಶಾಕೆನ್ ಅನ್ನುತ್ತಾರೆ, ಹೊಸ ಕಾರಿಗೆ ಮೂರು ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ. ಕಡ್ಡಾಯ ತಪಾಸಣೆ ಇಲ್ಲದ ಕಡೆ ಈ ಥರ ಹಿಡಿದು ನಿಲ್ಲಿಸೋಕೆ ಸರ್ಕಾರದ ಕೈಯಲ್ಲಿ ಏನಿದೆ?

ಮುಂದೆ ಇದು ಇನ್ನೂ ಮುಖ್ಯ ಆಗುತ್ತದೆ. ಈಗಿನ ಗಾಡಿಯಲ್ಲಿ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ, ಗಾಜಿನ ಹಿಂದೆ ಕ್ಯಾಮೆರಾ, ಬಂಪರ್ ಒಳಗೆ ರಾಡಾರ್. ಮುಂದಿನ ಗಾಜು ಬದಲಿಸಿ ಕ್ಯಾಮೆರಾ ಸರಿಯಾಗಿ ಹೊಂದಿಸದಿದ್ದರೆ ಕಣ್ಣಿಗೆ ಏನೂ ಕಾಣಲ್ಲ. ಜರ್ಮನಿಯಲ್ಲಿ 2015ರಿಂದಲೇ ಗಾಡಿಯ ಕಂಪ್ಯೂಟರ್‌ಗೆ ಅಡಾಪ್ಟರ್ ಹಾಕಿ ಓದುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರೇ ಬಹುತೇಕ ಬ್ರೇಕ್ ಕೆಲಸ ಮಾಡೋದರಿಂದ ಬ್ರೇಕ್ ಡಿಸ್ಕ್ ಸರಿಯಾಗಿ ಬಳಕೆಯಾಗದೆ ತುಕ್ಕು ಹಿಡಿಯಬಹುದು. ಓಡಿಸುವವನಿಗೆ ಬೇಕಾದಾಗ ಮಾತ್ರ ಅದು ಗೊತ್ತಾಗೋದು.

ಸಿಂಪಲ್‌ಮನುಷ್ಯ

ಅಡಾಪ್ಟರ್, ರಾಡಾರ್ ಅಂತ ಸೇರಿಸುತ್ತಾ ಹೋದರೆ ತಪಾಸಣೆ ಫೀಸು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಹಳೇ ಗಾಡಿ ಇಟ್ಟುಕೊಂಡವರು ಯಾರು? ದುಡ್ಡಿಲ್ಲದವರು. ಫೇಲ್ ಆದರೆ ಕೆಲಸಕ್ಕೆ ಹೋಗೋಕೆ ಗಾಡಿ ಇಲ್ಲ. ಈ ಭಾರ ಬೀಳೋದು ಅವರ ಮೇಲೇ, ಮೂರು ವರ್ಷಕ್ಕೆ ಕಾರು ಬದಲಿಸುವವರ ಮೇಲಲ್ಲ. ಇದನ್ನು ಇಲ್ಲಿ ಯಾರೂ ಲೆಕ್ಕಕ್ಕೆ ತಗೊಂಡಿಲ್ಲ.

ಗ್ರೀಸ್‌ಕೈ

ಇದು ಖರೇ ಮಾತು, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನನ್ನ ಅಭಿಪ್ರಾಯದಲ್ಲಿ ಪಟ್ಟಿ ಚಿಕ್ಕದಿರಬೇಕು. ಟೈರ್, ಬ್ರೇಕ್, ಸ್ಟೇರಿಂಗ್ ಕೀಲುಗಳು, ಲೈಟ್, ಸೀಟ್ ಬೆಲ್ಟ್, ಕೆಳಗಿನ ತುಕ್ಕು. ಇಷ್ಟೇ. ಗಾಜಿನ ಮೂಲೆಯಲ್ಲಿ ಸಣ್ಣ ಬಿರುಕು, ಹಾರ್ನ್ ಶಬ್ದ ಸ್ವಲ್ಪ ಕಮ್ಮಿ, ಇಂಥದ್ದಕ್ಕೆ ಗಾಡಿ ನಿಲ್ಲಿಸಬಾರದು. ಬ್ರಿಟನ್ 2018ರಲ್ಲಿ ದೋಷಗಳನ್ನು ಅಪಾಯಕಾರಿ, ದೊಡ್ಡದು, ಚಿಕ್ಕದು ಅಂತ ಮೂರು ಮಾಡಿತಲ್ಲ, ಅದು ನನಗೆ ಇಷ್ಟ. ಅಪಾಯಕಾರಿ ಇದ್ದರೆ ಗಾಡಿ ಅಲ್ಲಿಂದ ಓಡಿಸಿಕೊಂಡು ಹೋಗುವಂತಿಲ್ಲ. ಚಿಕ್ಕದಿದ್ದರೆ ಬರೆದು ಕೊಟ್ಟು ಪಾಸ್ ಮಾಡುತ್ತಾರೆ, ಬೇಗ ಸರಿ ಮಾಡಿಸಿಕೊಳ್ಳಿ ಅಂತ.

ಹೊಸ ಗಾಡಿಯನ್ನು ಕರೆಯೋದು ನನಗೂ ಸುಮ್ನೆ ಕಾಲಹರಣ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ 1960ರಲ್ಲಿ ಎಂಒಟಿ ಶುರುವಾದಾಗ ಹತ್ತು ವರ್ಷ ದಾಟಿದ ಗಾಡಿಗೆ ಮಾತ್ರ ಇತ್ತು. ಆಮೇಲೆ ಇಳಿಸುತ್ತಾ ಇಳಿಸುತ್ತಾ 1967ಕ್ಕೆ ಮೂರು ವರ್ಷಕ್ಕೆ ತಂದರು. ಆಗಿನ ಮೂರು ವರ್ಷದ ಕಾರಿಗೂ ಈಗಿನ ಮೂರು ವರ್ಷದ ಕಾರಿಗೂ ಹೋಲಿಕೆಯೇ ಇಲ್ಲ, ಆ ಕಾಲದ ತಗಡು ಅಷ್ಟರಲ್ಲಿ ತೂತು ಬೀಳುತ್ತಿತ್ತು.

ಅಂಕಿಪ್ರಿಯ

ಇಲ್ಲಿವರೆಗೆ ಓದಿದ ಮೇಲೆ ನನ್ನ ನಿಲುವು ಹೇಳುತ್ತೇನೆ. ಎಲ್ಲಾ ಕಾರಿಗೂ ಪ್ರತಿ ವರ್ಷ ಅನ್ನೋದಕ್ಕೆ ಪುರಾವೆ ಸಾಲದು. ದಿನಾ ನೂರಾರು ಕಿಲೋಮೀಟರ್ ಓಡುವ ಮೂರು ವರ್ಷದ ಟ್ಯಾಕ್ಸಿಯನ್ನು, ವಾರಕ್ಕೊಮ್ಮೆ ಹೊರಗೆ ಬರುವ ಮೂರು ವರ್ಷದ ಕಾರನ್ನು ಒಂದೇ ಸಾಲಲ್ಲಿ ನಿಲ್ಲಿಸೋದಂತೂ ಅರ್ಥವಿಲ್ಲದ ಕೆಲಸ. ವಯಸ್ಸು ಮತ್ತು ಓಡಿದ ಕಿಲೋಮೀಟರ್ ಎರಡನ್ನೂ ಸೇರಿಸಿ ಸರದಿ ನಿರ್ಧಾರ ಮಾಡಿದರೆ ಕಮ್ಮಿ ತಪಾಸಣೆಯಲ್ಲಿ ಜಾಸ್ತಿ ದೋಷ ಸಿಗುತ್ತದೆ.

ಎರಡುಚಕ್ರ

ಕಮ್ಮಿ ಓಡಿದ ಗಾಡಿ ಚೆನ್ನಾಗಿರುತ್ತದೆ ಅಂತ ಯಾರು ಹೇಳಿದ್ದು? ನಿಂತಲ್ಲೇ ನಿಂತ ಗಾಡಿಯ ಟೈರ್ ರಬ್ಬರ್ ಒಣಗಿ ಬಿರುಕು ಬಿಡುತ್ತದೆ, ಬಟನ್ ಪೂರ್ತಿ ಇದ್ದರೂ. ಟೈರ್ ಪಕ್ಕದಲ್ಲಿ ಡಾಟ್ ಅಂತ ಬರೆದಿರುವ ಸಾಲಿನ ಕೊನೇ ನಾಲ್ಕು ಅಂಕಿ ನೋಡಿ. 2316 ಅಂತ ಇದ್ದರೆ 2016ನೇ ಇಸವಿಯ 23ನೇ ವಾರ ತಯಾರಾದದ್ದು. ಎಷ್ಟು ಜನ ಇದನ್ನು ನೋಡಿರುತ್ತಾರೆ?

ಹಳೇಗೇರ್

ಈಗಷ್ಟೇ ಹೋಗಿ ನೋಡಿ ಬಂದೆ, ನನ್ನ ಸ್ಟೆಪ್ನಿ ಕಾರಿನಷ್ಟೇ ಹಳೇದು.

ಸರಿ, ನನ್ನ ಮನಸ್ಸು ಸ್ವಲ್ಪ ಬದಲಾಗಿದೆ. ಬಾಡಿಗೆ ಗಾಡಿಗೆ ಕಡ್ಡಾಯ ಇರಲಿ, ರಸ್ತೆಯಲ್ಲೂ ಹಿಡಿಯಲಿ. ಸ್ವಂತ ಕಾರಿಗೆ ಒಂದು ವಯಸ್ಸು ದಾಟಿದ ಮೇಲೆ, ರಿಪೇರಿ ಮಾಡದ ಜಾಗದಲ್ಲಿ, ಚಿಕ್ಕ ಪಟ್ಟಿ. ಅದಕ್ಕಿಂತ ಜಾಸ್ತಿ ಬೇಡ. ಆದರೆ ಅಂಕಿಪ್ರಿಯ ಅವರ ಕಿಲೋಮೀಟರ್ ಲೆಕ್ಕ ನಡೆಯಲ್ಲ ಅನ್ನಿಸುತ್ತದೆ. ತಪಾಸಣೆ ತಪ್ಪಿಸಿಕೊಳ್ಳೋಕೆ ಮೀಟರ್ ತಿರುಗಿಸುವವರು ಇನ್ನೂ ಜಾಸ್ತಿ ಆಗುತ್ತಾರೆ.

ಸೆಕೆಂಡ್‌ಓನರ್

ಅದಕ್ಕೇ ಪ್ರತಿ ತಪಾಸಣೆಯಲ್ಲಿ ಮೀಟರ್ ಓದಿ ಬರೆದಿಡಬೇಕು ಅನ್ನೋದು. ಯುರೋಪ್ ಒಕ್ಕೂಟದ ಅದೇ 2014ರ ನಿಯಮ ಇದನ್ನು ಕೇಳುತ್ತದೆ. ಮೊದಲ ತಪಾಸಣೆಗೆ ಮುಂಚೆ ತಿರುಗಿಸಿದರೆ ಮಾತ್ರ ಹಿಡಿಯೋಕಾಗಲ್ಲ. ಅದನ್ನೂ ಹಿಡಿಯಬೇಕಾದರೆ ಸರ್ವಿಸ್ ಸೆಂಟರ್‌ಗಳೂ ಮೀಟರ್ ಅಂಕಿಯನ್ನು ಅದೇ ದಾಖಲೆಗೆ ಕಳಿಸಬೇಕಾಗುತ್ತದೆ. ಬೆಲ್ಜಿಯಂನಲ್ಲಿ ಗ್ಯಾರೇಜುಗಳು ಹಾಗೆ ಕಳಿಸುತ್ತವೆ, ಹಳೇ ಕಾರು ಮಾರುವಾಗ ಆ ಪಟ್ಟಿಯನ್ನು ಕೊಳ್ಳುವವನ ಕೈಗೆ ಕೊಡಲೇಬೇಕು.